ನೂಲಿನಲ್ಲಿ ಅರಳುವ ಹೂಗಳು

ಆಗಸ್ಟ್ 29ರಂದು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಧ್ವಜ ಏರಿತೆಂದರೆ ನಮ್ಮ ಮನೆಗಳಲ್ಲಿ ಹಬ್ಬ ಕಾಲಿಟ್ಟಂತೆಯೇ. ನವದಿನಗಳ ಪ್ರಾರ್ಥನೆ, ಕಾವಿ ಬಟ್ಟೆ ಉಟ್ಟ ಭಕ್ತರ ಸಾಲು, ಸೆಪ್ಟೆಂಬರ್ 8ರ ಸಂಜೆಯ ತೇರು, ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ದೇವಾಲಯದ ಎದುರಿಗೇ ಇರುವ ರಸೆಲ್ ಮಾರುಕಟ್ಟೆಯಿಂದ ಮಲ್ಲಿಗೆ, ಸೇವಂತಿಗೆ, ಸುಗಂಧರಾಜ, ಕನಕಾಂಬರಗಳು ಬುಟ್ಟಿಬುಟ್ಟಿಯಾಗಿ ಮಾತೆಯ ಪಾದಕ್ಕೆ ಬರುತ್ತವೆ. ಬೆಳಿಗ್ಗೆ ತಂದ ಹೂ ಸಂಜೆಗೆ ಬಾಡುತ್ತದೆ. ಬಾಡುವುದೇ ಹೂವಿನ ಗುಣ. ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ.

ಆದರೆ ನಮ್ಮ ಅಜ್ಜಿಯಂದಿರು ಇನ್ನೊಂದು ಬಗೆಯ ಹೂವನ್ನೂ ಬಲ್ಲವರಾಗಿದ್ದರು. ಅದು ನೂಲಿನ ಹೂ. ಮಧ್ಯಾಹ್ನದ ಅಡುಗೆ ಮುಗಿದ ಮೇಲೆ, ಬಾಗಿಲ ಬಳಿಯ ಬೆಳಕಿನಲ್ಲಿ ಕುಳಿತು, ತುದಿಯಲ್ಲಿ ಕೊಕ್ಕೆಯಿರುವ ಒಂದು ಸಣ್ಣ ಕಡ್ಡಿಯಿಂದ ಅವರು ಹೆಣೆಯುತ್ತಿದ್ದ ಕ್ರೋಶಾ ಹೂ. ಮಗುವಿನ ದೀಕ್ಷಾಸ್ನಾನದ ಟೊಪ್ಪಿಗೆಯ ಮೇಲೆ, ಪ್ರಥಮ ಪರಮಪ್ರಸಾದದ ಮುಸುಕಿನ ಅಂಚಿನಲ್ಲಿ, ಮನೆಯ ಪೀಠದ ಬಟ್ಟೆಯ ಮೂಲೆಯಲ್ಲಿ ಆ ಹೂಗಳು ಇರುತ್ತಿದ್ದವು. ಟ್ರಂಕಿನ ತಳದಿಂದ ಅಂಥ ಬಟ್ಟೆಯೊಂದನ್ನು ತೆಗೆದು ನೋಡಿದರೆ, ಬಟ್ಟೆ ಹಳದಿಯಾಗಿದ್ದರೂ ಹೂವಿನ ಒಂದು ದಳವೂ ಬಿಚ್ಚಿರುವುದಿಲ್ಲ. ಈ ಹಬ್ಬದ ಹೊತ್ತಿನಲ್ಲಿ ಆ ಹೂವಿನ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ: ಅದು ಎಲ್ಲಿಂದ ಬಂತು, ಹೇಗೆ ಹೆಣೆಯಬೇಕು, ಎಲ್ಲಿ ಇಡಬೇಕು, ಅದರ ನಿಜವಾದ ಬೆಲೆ ಏನು?

ಕಾಣಿಕೆ ಮಾತೆಯ ನೆರಳಿನಲ್ಲಿ

ಇಂದು ನಾವು ಬೆಸಿಲಿಕಾ ಎಂದು ಕರೆಯುವ ದೇವಾಲಯ ಮೊದಲು ಹುಲ್ಲು ಹೊದಿಸಿದ ಪುಟ್ಟ ಗುಡಿಯಾಗಿತ್ತು. 1818ರಲ್ಲಿ ಫ್ರೆಂಚ್ ಮಿಷನರಿ ಅಬ್ಬೆ ದುಬುವಾ ಅವರು ಅದನ್ನು ಕಟ್ಟಿಸಿದರು. ಜನ ಅದನ್ನು ಕಾಣಿಕೆ ಮಾತೆಯ ದೇವಾಲಯ ಎಂದು ಕರೆಯುತ್ತಿದ್ದರು. ಈಗಿನ ಎತ್ತರದ ಗೋಪುರದ ಕಟ್ಟಡ 1875ರಿಂದ 1882ರವರೆಗೆ ಎದ್ದು ನಿಂತಿತು. 1973ರಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಗೌರವ ದೊರೆಯಿತು. ಹೆಸರು ಬದಲಾಯಿತು, ಕಟ್ಟಡ ಬದಲಾಯಿತು, ಆದರೆ ಕಾಣಿಕೆ ತರುವ ಕೈಗಳು ಮಾತ್ರ ನಿಲ್ಲಲಿಲ್ಲ. ಇಲ್ಲಿನ ಮಾತೆ ಸೀರೆ ಉಡುತ್ತಾರೆ. ಭಕ್ತರು ಹರಕೆಯ ಸೀರೆ ತಂದು ಒಪ್ಪಿಸುತ್ತಾರೆ. ಸೀರೆ ಎಂದ ಮೇಲೆ ಸೆರಗಿಗೆ ಕುಚ್ಚು ಬೇಡವೇ? ಆ ಕುಚ್ಚಿನಲ್ಲಿಯೇ ನಮ್ಮ ಕ್ರೋಶಾ ಹೂ ಇಂದು ಹೆಚ್ಚಾಗಿ ಅರಳುತ್ತಿದೆ.

ದಂಡು ಪ್ರದೇಶಕ್ಕೆ ಈ ಸೂಜಿಗೆಲಸ ಬಂದ ದಾರಿಗಳು ಹಲವು. 1854ರಲ್ಲಿ ಗುಡ್ ಶೆಪರ್ಡ್ ಕನ್ಯಾಸ್ತ್ರೀಯರು ಬೆಂಗಳೂರಿಗೆ ಬಂದರು. 1882ರಲ್ಲಿ ಫ್ರಾನ್ಸಿನ ತಾರ್ಬ್ ಊರಿನ ಸಂತ ಜೋಸೆಫರ ಕನ್ಯಾಸ್ತ್ರೀಯರು ಬಂದರು. ಕಾನ್ವೆಂಟ್ ಶಾಲೆಗಳೆಂದರೆ ಆಗ ಓದು ಬರಹದ ಜೊತೆಗೆ ಹೊಲಿಗೆ, ಕಸೂತಿ, ಹೆಣಿಗೆಗಳೂ ಪಾಠದ ಭಾಗವೇ. ಇನ್ನೊಂದೆಡೆ ಸೈನಿಕರ ಕುಟುಂಬಗಳು. ಬ್ರಿಗೇಡ್ ರಸ್ತೆಯ ತುದಿಯ ಸಂತ ಪ್ಯಾಟ್ರಿಕ್ ದೇವಾಲಯದ ಹೆಸರೇ ಐರ್ಲೆಂಡಿನಿಂದ ಬಂದ ಕಥೋಲಿಕ ಸಿಪಾಯಿಗಳ ನೆನಪನ್ನು ಹೇಳುತ್ತದೆ. ಕನ್ನಡ, ತಮಿಳು, ತೆಲುಗು, ಕೊಂಕಣಿ, ದಖನಿ, ಇಂಗ್ಲಿಷ್ ಎಲ್ಲವೂ ಒಂದೇ ಬೀದಿಯಲ್ಲಿ ಕೇಳಿಸುವ ಈ ಭಾಗದಲ್ಲಿ ಕೈಕೆಲಸಕ್ಕೆ ಭಾಷೆಯ ತಡೆಯಿರಲಿಲ್ಲ. ಪಕ್ಕದ ಮನೆಯಾಕೆಯ ಕೈ ನೋಡಿದರೆ ಸಾಕು, ಪಾಠ ಆಗಿಹೋಗುತ್ತಿತ್ತು.

ಬರಗಾಲ ಕಲಿಸಿದ ಹೂ

ಕ್ರೋಶಾ ಎಂಬ ಮಾತು ಫ್ರೆಂಚಿನದು. ಸಣ್ಣ ಕೊಕ್ಕೆ ಎಂದು ಅದರ ಅರ್ಥ. ಹೂಗಳನ್ನು ಒಂದೊಂದಾಗಿ ಬೇರೆಯೇ ಹೆಣೆದು, ಆಮೇಲೆ ಜಾಲರಿಯಿಂದ ಜೋಡಿಸುವ ಪದ್ಧತಿ ಹೆಸರುವಾಸಿಯಾದದ್ದು ಐರ್ಲೆಂಡಿನಲ್ಲಿ. ಅದರ ಹಿಂದೆ ಒಂದು ದುಃಖದ ಕಥೆ ಇದೆ.

1845ರಲ್ಲಿ ಆ ನಾಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿತು. ಬಡವರಿಗೆ ಆಲೂಗಡ್ಡೆಯೇ ಅನ್ನ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು, ಕಾಯಿಲೆಗಳಿಂದ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟು ಹಡಗು ಹತ್ತಿದರು. ಆ ಸಂಕಟದ ದಿನಗಳಲ್ಲಿ ಕಾರ್ಕ್ ನಗರದ ಬಳಿಯ ಉರ್ಸುಲೈನ್ ಕನ್ಯಾಸ್ತ್ರೀಯರೂ ಇತರರೂ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದರು. ದುಬಾರಿ ಲೇಸು ಹೆಣೆಯಲು ತಿಂಗಳುಗಟ್ಟಲೆ ಬೇಕು. ಕ್ರೋಶಾ ಅದಕ್ಕಿಂತ ಬೇಗ ಆಗುತ್ತದೆ. ಬಂಡವಾಳವೆಂದರೆ ಒಂದು ಕೊಕ್ಕೆ, ಒಂದು ಉಂಡೆ ನೂಲು. ಒಬ್ಬಳು ಗುಲಾಬಿ ಹೆಣೆದರೆ ಇನ್ನೊಬ್ಬಳು ಎಲೆ, ಮತ್ತೊಬ್ಬಳು ಜಾಲರಿ. ಹೀಗೆ ಗುಡಿಸಲಿನಲ್ಲಿ ಹೆಣೆದ ಹೂ ಲಂಡನ್, ಪ್ಯಾರಿಸ್‌ಗಳ ಶ್ರೀಮಂತರ ಕೊರಳಪಟ್ಟಿಯಾಯಿತು. ಆ ಹಣದಿಂದ ಎಷ್ಟೋ ಮನೆಗಳ ಬಾಡಿಗೆ ಸಂದಿತು, ಒಲೆ ಉರಿಯಿತು. ದಳದ ಮೇಲೆ ದಳವಿಟ್ಟ ಆ ಗುಲಾಬಿಯನ್ನು ಇಂದಿಗೂ ಐರಿಶ್ ಗುಲಾಬಿ ಎಂದೇ ಕರೆಯುತ್ತಾರೆ.

ನಮ್ಮ ನೆರೆಯ ಆಂಧ್ರದಲ್ಲಿಯೂ ಇದಕ್ಕೆ ಹೋಲುವ ಕಥೆಯಿದೆ. 19ನೇ ಶತಮಾನದಲ್ಲಿ ಗೋದಾವರಿ ತೀರದ ನರಸಾಪುರದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ಅಲ್ಲಿ ಸಾವಿರಾರು ಹೆಂಗಸರ ಕಸುಬಾಯಿತು. 2024ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಐದು ದಳದ ಹೂ ಹೆಣೆಯುವ ಬಗೆ

ಮೊದಲು ಸಾಮಾನು. ಮಿನುಗುವ ಹತ್ತಿಯ ಕ್ರೋಶಾ ನೂಲು ಶಿವಾಜಿನಗರದಲ್ಲಿ, ಕಮರ್ಷಿಯಲ್ ಸ್ಟ್ರೀಟಿನ ಅಡ್ಡರಸ್ತೆಗಳ ಲೇಸು ಗುಂಡಿಗಳ ಅಂಗಡಿಗಳಲ್ಲಿ ಸಿಗುತ್ತದೆ. ನೂಲಿನ ನಂಬರ್ ಹೆಚ್ಚಿದಷ್ಟೂ ಎಳೆ ಸಣ್ಣದು. ಕಲಿಯುವವರಿಗೆ 10ನೇ ನಂಬರ್ ಸಾಕು. ಕೈ ಪಳಗಿದ ಮೇಲೆ 20, 40 ಎಂದು ಮುಂದೆ ಹೋಗಬಹುದು. 20ನೇ ನಂಬರಿನ ನೂಲಿಗೆ ಒಂದೂಕಾಲು ಅಥವಾ ಒಂದೂವರೆ ಮಿಲಿಮೀಟರಿನ ಉಕ್ಕಿನ ಕಡ್ಡಿ ಸರಿಹೋಗುತ್ತದೆ. ಜೊತೆಗೆ ಒಂದು ಕತ್ತರಿ, ಮೊಂಡು ತುದಿಯ ಒಂದು ಸೂಜಿ.

ಒಂದು ಎಚ್ಚರಿಕೆ. ಬ್ರಿಟನ್ನಿನ ಪುಸ್ತಕಗಳು ಡಬಲ್ ಕ್ರೋಶಾ ಎನ್ನುವುದನ್ನು ಅಮೆರಿಕದ ಪುಸ್ತಕಗಳು ಸಿಂಗಲ್ ಕ್ರೋಶಾ ಎನ್ನುತ್ತವೆ. ಅಜ್ಜಿಯ ಹಳೆಯ ಪುಸ್ತಕವನ್ನೂ ಮೊಮ್ಮಗಳ ಫೋನಿನ ವೀಡಿಯೋವನ್ನೂ ಒಟ್ಟಿಗೆ ಇಟ್ಟುಕೊಂಡರೆ ಗೊಂದಲ ಖಂಡಿತ. ಆದ್ದರಿಂದ ಇಲ್ಲಿ ನಾವು ಗಿಡ್ಡ ಹೆಣಿಗೆ, ಉದ್ದ ಹೆಣಿಗೆ ಎಂದು ಸರಳವಾಗಿ ಹೇಳುತ್ತೇವೆ.

ಚೈನು ಎಂದರೆ ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ನೂಲನ್ನು ಎಳೆದು ಹೊಸ ಕುಣಿಕೆ ಮಾಡುವುದು. ಗಿಡ್ಡ ಹೆಣಿಗೆಗೆ ಕಡ್ಡಿಯನ್ನು ತೂರಿಸಿ ನೂಲು ಎಳೆದುಕೊಳ್ಳಬೇಕು. ಆಗ ಕಡ್ಡಿಯ ಮೇಲೆ ಎರಡು ಕುಣಿಕೆ ಇರುತ್ತವೆ. ಮತ್ತೆ ನೂಲು ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆಯಬೇಕು. ಉದ್ದ ಹೆಣಿಗೆಗೆ ಮೊದಲೇ ಒಂದು ಸುತ್ತು ನೂಲು ಸುತ್ತಿಕೊಂಡು ಕಡ್ಡಿ ತೂರಿಸಬೇಕು. ಮೂರು ಕುಣಿಕೆ ಆಗುತ್ತವೆ. ನೂಲು ಸುತ್ತಿ ಎರಡರೊಳಗಿಂದ ಎಳೆದು, ಮತ್ತೆ ಸುತ್ತಿ ಉಳಿದ ಎರಡರೊಳಗಿಂದ ಎಳೆದರೆ ಮುಗಿಯಿತು. ಕೂಡಿಸುವ ಹೆಣಿಗೆ ಎಂದರೆ ಕಡ್ಡಿ ತೂರಿಸಿ, ನೂಲನ್ನು ಒಂದೇ ಎಳೆತದಲ್ಲಿ ಎಲ್ಲದರೊಳಗಿಂದಲೂ ತರುವುದು.

ಈಗ ಹೂ. ಐದು ಚೈನು ಹಾಕಿ, ಮೊದಲ ಚೈನಿಗೆ ಕೂಡಿಸಿ ಉಂಗುರ ಮಾಡಿ. ಒಂದು ಚೈನು ಎತ್ತಿ, ಉಂಗುರದೊಳಗೆ ಹತ್ತು ಗಿಡ್ಡ ಹೆಣಿಗೆ ಹಾಕಿ, ಮೊದಲನೆಯದಕ್ಕೆ ಕೂಡಿಸಿ. ಇದು ಹೂವಿನ ನಡುಭಾಗ. ಇನ್ನು ದಳಗಳು. ಎರಡು ಚೈನು ಹಾಕಿ, ಮುಂದಿನ ಹೆಣಿಗೆಯಲ್ಲಿಯೇ ಮೂರು ಉದ್ದ ಹೆಣಿಗೆ ಹಾಕಿ, ಮತ್ತೆ ಎರಡು ಚೈನು ಹಾಕಿ, ಅದರ ಮುಂದಿನ ಹೆಣಿಗೆಗೆ ಕೂಡಿಸಿ. ಒಂದು ದಳ ಆಯಿತು. ಒಂದು ದಳಕ್ಕೆ ಎರಡು ಹೆಣಿಗೆಯ ಜಾಗ. ಹತ್ತರಲ್ಲಿ ಐದು ದಳ. ಕೊನೆಯಲ್ಲಿ ಒಂದು ಗೇಣು ನೂಲು ಬಿಟ್ಟು ಕತ್ತರಿಸಿ, ಕುಣಿಕೆಯೊಳಗಿಂದ ಎಳೆದು ಬಿಗಿಮಾಡಿ. ಆ ಉಳಿದ ನೂಲನ್ನು ಚಿಕ್ಕದಾಗಿ ಕತ್ತರಿಸಬೇಡಿ. ಬಟ್ಟೆಗೆ ಹೂ ಹೊಲಿಯಲು ಅದೇ ನೂಲು ಬೇಕು.

ದಳಗಳು ಬಟ್ಟಲಿನಂತೆ ಮುದುಡಿದರೆ ಕೈ ಬಿಗಿಯಾಗಿದೆ ಎಂದರ್ಥ. ಒಂದು ನಂಬರ್ ದಪ್ಪ ಕಡ್ಡಿ ಹಿಡಿಯಿರಿ. ಅಲೆಅಲೆಯಾಗಿ ನಿಂತರೆ ಕೈ ಸಡಿಲ, ಅಥವಾ ಲೆಕ್ಕ ತಪ್ಪಿದೆ. ಐರಿಶ್ ಗುಲಾಬಿ ಬೇಕೆಂದರೆ ಮೊದಲ ಸಾಲಿನ ದಳಗಳ ಬೆನ್ನಿಗೆ ನಾಲ್ಕು ನಾಲ್ಕು ಚೈನಿನ ಕಮಾನುಗಳನ್ನು ಕಟ್ಟಿ, ಪ್ರತಿ ಕಮಾನಿನಲ್ಲಿ ಒಂದು ಗಿಡ್ಡ, ಐದು ಉದ್ದ, ಒಂದು ಗಿಡ್ಡ ಹೆಣಿಗೆ ತುಂಬಬೇಕು. ಅದರ ಹಿಂದೆ ಇನ್ನೂ ದೊಡ್ಡ ಕಮಾನು, ಇನ್ನೂ ದೊಡ್ಡ ದಳ.

ಹೆಣೆದ ಹೂವನ್ನು ತೆಳುವಾದ ಗಂಜಿಯಲ್ಲಿ ಅದ್ದಿ, ಟವೆಲಿನ ಮೇಲೆ ದಳಗಳನ್ನು ಬಿಡಿಸಿ ಗುಂಡುಸೂಜಿ ಚುಚ್ಚಿ ಒಣಗಿಸಿದರೆ ಆಕಾರ ನಿಲ್ಲುತ್ತದೆ. ಕೆಂಪು, ಕಡುನೀಲಿ ನೂಲನ್ನು ಬಿಳಿ ಬಟ್ಟೆಗೆ ಹೊಲಿಯುವ ಮುಂಚೆ ಒಂದು ತುಂಡನ್ನು ನೀರಿನಲ್ಲಿ ನೆನೆಸಿ ಬಣ್ಣ ಬಿಡುತ್ತದೆಯೇ ನೋಡಿ. ವರ್ಷಗಟ್ಟಲೆ ಎತ್ತಿಡುವ ಬಟ್ಟೆಯಿಂದ ಗಂಜಿಯನ್ನು ತೊಳೆದುಬಿಡಬೇಕು, ಇಲ್ಲವಾದರೆ ಹುಳು ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಎಳೆ ಮಕ್ಕಳ ಟೊಪ್ಪಿಗೆಗೆ ಮಣಿ ಪೋಣಿಸಿದ ಹೂ ಬೇಡ. ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಹೂವನ್ನು ಸುತ್ತಲೂ ಭದ್ರವಾಗಿ ಹೊಲಿಯಿರಿ.

ಸಮಯವಿಲ್ಲ ಎನ್ನುವವರಿಗೆ ಒಂದು ಮಾತು. ಈ ಕೆಲಸ ಕೈಚೀಲದಲ್ಲಿ ಹಿಡಿಸುತ್ತದೆ. ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ ಆಸನ ಸಿಕ್ಕರೆ ಇಂದಿರಾನಗರ, ಹಲಸೂರು ಬರುವಷ್ಟರಲ್ಲಿ ಒಂದು ಹೂ ಮುಗಿಯುತ್ತದೆ. ಬೇಕಿದ್ದರೆ ದಳಕ್ಕೊಂದು ನಮೋ ಮರಿಯ ಹೇಳಿಕೊಳ್ಳಿ. ಎರಡು ಹೂ ಮುಗಿದರೆ ಜಪಸರದ ಒಂದು ದಶಕ ಆಗುತ್ತದೆ.

ಎಲ್ಲಿ ಇಡಬೇಕು, ಎಲ್ಲಿ ಬೇಡ?

ಕೈಕೆಲಸ ಚೆನ್ನಾಗಿ ಬಂತೆಂದು ಬಲಿಪೀಠವನ್ನು ಹೂವಿನಿಂದಲೇ ಮುಚ್ಚಿಬಿಡುವ ಆಸೆ ನಮಗಾಗುವುದು ಸಹಜ. ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನಗಳು ಇಲ್ಲಿ ನಮಗೆ ದಾರಿ ತೋರಿಸುತ್ತವೆ. ಬಲಿಪೀಠದ ಮೇಲೆ ಕನಿಷ್ಠ ಒಂದು ಬಿಳಿ ಬಟ್ಟೆ ಹಾಸಿರಬೇಕು (304). ಹೂವಿನ ಅಲಂಕಾರ ಮಿತವಾಗಿರಬೇಕು. ಬಲಿಪೀಠದ ಮೇಲೆ ಇಡುವುದಕ್ಕಿಂತ ಅದರ ಸುತ್ತಲೂ ಇಡುವುದು ಮೇಲು. ಆಗಮನಕಾಲದಲ್ಲಿ ಸಂಯಮ ಬೇಕು. ತಪಸ್ಸುಕಾಲದಲ್ಲಿ ಅದರ ನಾಲ್ಕನೆಯ ಭಾನುವಾರ, ಮಹೋತ್ಸವ ಮತ್ತು ಹಬ್ಬದ ದಿನಗಳನ್ನು ಬಿಟ್ಟು ಹೂವಿನ ಅಲಂಕಾರ ಸಲ್ಲದು (305). ಈ ಮಾತುಗಳನ್ನು ಹೇಳಿರುವುದು ಹೂವಿನ ಬಗ್ಗೆಯಾದರೂ ನೂಲಿನ ಹೂವಿಗೂ ಅದೇ ಮರ್ಯಾದೆ ಒಪ್ಪುತ್ತದೆ. ಬಟ್ಟೆಯ ಇಳಿಬಿದ್ದ ಅಂಚಿನಲ್ಲಿ ಒಂದು ಸಾಲು ಬಿಳಿ ಹೂ ಸಾಕು. ಪೂಜಾಪಾತ್ರೆ ಇಡುವ ಜಾಗ ಸಮತಟ್ಟಾಗಿರಲಿ. ಮೇಣದಬತ್ತಿಯ ಬಳಿ ನೂಲು ಬೇಡವೇ ಬೇಡ.

ಬೇರೆ ಕಡೆಗಳಿಗೇನು ಕೊರತೆ? ಗೋದಲಿಯ ನಕ್ಷತ್ರ, ಬೈಬಲಿನ ಪುಟಗುರುತು, ಜಪಸರದ ಪುಟ್ಟ ಚೀಲ, ಹಬ್ಬದ ಸ್ವಯಂಸೇವಕರ ಎದೆಯ ಬಿಲ್ಲೆ, ಭಾನುವಾರದ ಧರ್ಮೋಪದೇಶ ತರಗತಿಯ ಮಕ್ಕಳ ಬಹುಮಾನ. ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಹಬ್ಬ ಮುಗಿದ ಮರುದಿನ ಪ್ಲಾಸ್ಟಿಕ್ ತೋರಣಗಳು ಕಸದ ರಾಶಿ ಸೇರುವುದನ್ನು ನಾವೆಲ್ಲ ಕಂಡಿದ್ದೇವೆ. ಒಮ್ಮೆ ಹೆಣೆದ ನೂಲಿನ ತೋರಣವನ್ನು ತೊಳೆದು ಮುಂದಿನ ವರ್ಷಕ್ಕೆ ಎತ್ತಿಡಬಹುದು.

ಆ ಹೂವಿನ ಬೆಲೆ

ಪ್ರಿಯ ಓದುಗರೇ, ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಸ್ವೆಟರ್ ಹೆಣೆಯಲು ಯಂತ್ರವಿದೆ, ಕಸೂತಿಗೆ ಯಂತ್ರವಿದೆ. ಆದರೆ ನಿಜವಾದ ಕ್ರೋಶಾವನ್ನು ಹೆಣೆಯುವ ಯಂತ್ರ ಮಾರುಕಟ್ಟೆಗೆ ಬಂದಿಲ್ಲ. ಯಂತ್ರದ ಲೇಸು ನೋಡಲು ಹಾಗೆ ಕಾಣಬಹುದು, ಅದರ ಹೆಣಿಗೆ ಬೇರೆ. ಹಾಗಾದರೆ ಅಂಗಡಿಯಲ್ಲಿ ನೇತುಹಾಕಿದ ಪ್ರತಿಯೊಂದು ಕ್ರೋಶಾ ಹೂವಿನ ಹಿಂದೆ ಯಾರದೋ ಎರಡು ಕೈಗಳಿವೆ. ಹೂ ಅಗ್ಗವಾಗಿದ್ದರೆ, ಅಗ್ಗವಾದದ್ದು ಆ ಕೈಗಳ ಕೂಲಿಯೇ.

ಒಂದು ಸಣ್ಣ ಲೆಕ್ಕ ಹಾಕೋಣ. ಪಳಗಿದ ಕೈಗೆ ಒಂದು ಹೂವಿಗೆ ಹತ್ತು ನಿಮಿಷ ಎಂದಿಟ್ಟುಕೊಳ್ಳೋಣ. ಸೀರೆಯ ಸೆರಗಿಗೆ ಅರವತ್ತು ಹೂವಿನ ಕುಚ್ಚು. ಆರುನೂರು ನಿಮಿಷ, ಅಂದರೆ ಹತ್ತು ಗಂಟೆ. ಕುಚ್ಚಿಗೆ ಮುನ್ನೂರು ರೂಪಾಯಿ ಎಂದರೆ ಗಂಟೆಗೆ ಮೂವತ್ತು ರೂಪಾಯಿ ಆಯಿತು. ಅದರಲ್ಲಿಯೇ ನೂಲಿನ ಖರ್ಚು, ಅದರಲ್ಲಿಯೇ ಮಧ್ಯವರ್ತಿಯ ಪಾಲು. ಇಷ್ಟಾದರೂ ನಾವು "ಐವತ್ತು ಕಡಿಮೆ ಮಾಡಿಕೊಳ್ಳಮ್ಮ, ಮನೆಯಲ್ಲಿ ಕೂತು ಮಾಡುವ ಕೆಲಸ ತಾನೇ" ಎನ್ನುತ್ತೇವೆ. ಹಾಗೆ ಹೇಳಿದವರು ಯಾರೋ ಅಲ್ಲ, ನಾವೇ. ದೇವಾಲಯದ ಹೊರಗೆ ಚೌಕಾಸಿ ಮಾಡಿ ಉಳಿಸಿದ ಐವತ್ತನ್ನು ಒಳಗೆ ಕಾಣಿಕೆಯ ತಟ್ಟೆಗೆ ಹಾಕಿ ಸಮಾಧಾನ ಪಟ್ಟುಕೊಂಡವರೂ ನಾವೇ.

ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ ನರಸಾಪುರದ ಲೇಸು ಹೆಣೆಯುವ ಹೆಂಗಸರ ನಡುವೆ ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದೂ ಇದೇ. ಹೊರದೇಶಗಳಿಗೆ ಹೋಗುವ ಸರಕನ್ನು ಹೆಣೆಯುತ್ತಿದ್ದರೂ ಆ ಹೆಂಗಸರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ; ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದೇ ಕರೆಯುತ್ತಿದ್ದರು. ಲಾಭ ಮಾರುವವರಿಗೆ ಹೋಗುತ್ತಿತ್ತು. ಐರ್ಲೆಂಡಿನಲ್ಲಿ ಹಸಿದವರಿಗೆ ಅನ್ನವಾದ ಅದೇ ಹೂ, ಬೆಲೆ ಕಟ್ಟುವವರ ಮನಸ್ಸು ಸಣ್ಣದಾದರೆ, ದುಡಿದವರ ಅನ್ನವನ್ನೇ ಕಿತ್ತುಕೊಳ್ಳಬಲ್ಲದು. ಕೂಲಿಗಾರರಿಗೆ ಕೊಡದೆ ಹಿಡಿದಿಟ್ಟ ಕೂಲಿ ದೇವರ ಮುಂದೆ ಮೊರೆಯಿಡುತ್ತದೆ ಎಂದು ಯಕೋಬನ ಪತ್ರ ಎಚ್ಚರಿಸುತ್ತದೆ (5:4).

ಹಾಗಾದರೆ ಏನು ಮಾಡೋಣ? ಮೊದಲನೆಯದಾಗಿ, ಕುಚ್ಚು ಕಟ್ಟಿಸುವಾಗ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿ, ಆ ಹೊತ್ತಿಗೆ ತಕ್ಕ ಕೂಲಿ ಕೊಡೋಣ. ಎರಡನೆಯದಾಗಿ, ಸಾಧ್ಯವಾದರೆ ಹೆಣೆಯುವವರ ಕೈಗೇ ಹಣ ಸೇರಲಿ. ಮೂರನೆಯದಾಗಿ, ಧರ್ಮಕೇಂದ್ರದ ಮಹಿಳಾ ಸಂಘಗಳು ತಿಂಗಳಿಗೊಂದು ಮಧ್ಯಾಹ್ನ ಕಲಿಯುವ ಕೂಟ ನಡೆಸಲಿ. ಕೆಲಸ ಬಲ್ಲ ಅಜ್ಜಿಯಂದಿರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಕಣ್ಣು ಮಂದವಾದರೂ ಬೆರಳಿಗೆ ಲೆಕ್ಕ ಗೊತ್ತು. ಅವರು ಹೋದ ಮೇಲೆ ಫೋನಿನಲ್ಲಿ ಹೆಣಿಗೆ ಸಿಕ್ಕೀತು, ಅವರ ಮಾತು ಸಿಗಲಾರದು.

ನೂಲದ ಹೂ, ನೂಲಿನ ಹೂ

ಪವಿತ್ರ ಗ್ರಂಥದಲ್ಲಿ ನೂಲಿನ ಕೆಲಸಕ್ಕೆ ಒಳ್ಳೆಯ ಸ್ಥಾನವಿದೆ. ದೇವದರ್ಶನದ ಗುಡಾರಕ್ಕಾಗಿ ಜಾಣ ಹೆಂಗಸರು ತಮ್ಮ ಕೈಯಿಂದಲೇ ನೂತು ತಂದರು (ವಿಮೋಚನಾಕಾಂಡ 35:25). ಯಾಜಕನ ನಿಲುವಂಗಿಯ ಅಂಚಿನ ಸುತ್ತಲೂ ನೀಲಿ, ಊದಾ, ಕಡುಗೆಂಪು ನೂಲಿನ ಪುಟ್ಟ ದಾಳಿಂಬೆಗಳನ್ನು, ನಡುನಡುವೆ ಚಿನ್ನದ ಗೆಜ್ಜೆಗಳನ್ನು ಇಡಬೇಕೆಂಬ ಅಪ್ಪಣೆಯಿತ್ತು (28:33-34). ಬಟ್ಟೆಯ ಅಂಚಿಗೆ ನೂಲಿನ ಅಲಂಕಾರ ಎಂಬುದು ಎಷ್ಟು ಹಳೆಯ ಭಕ್ತಿ ನೋಡಿ! ಜೊಪ್ಪದ ತಬಿಥಾ ಸತ್ತಾಗ ವಿಧವೆಯರು ಅಳುತ್ತಾ ಪೇತ್ರರಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಬಟ್ಟೆಗಳನ್ನೇ (ಪ್ರೇಷಿತರ ಕಾರ್ಯಕಲಾಪಗಳು 9:39). ಆಕೆಯ ಜೀವನಚರಿತ್ರೆ ಆ ಬಟ್ಟೆಗಳಲ್ಲಿಯೇ ಇತ್ತು.

ಆದರೆ ಪ್ರಭು ಯೇಸು ಹೊಲದ ಹೂಗಳನ್ನು ತೋರಿಸಿ, ಅವು ದುಡಿಯುವುದೂ ಇಲ್ಲ, ನೂಲುವುದೂ ಇಲ್ಲ ಎಂದರು (ಮತ್ತಾಯ 6:28). ನೂಲದ ಹೂವಿಗೆ ದೇವರೇ ಉಡುಗೆ ತೊಡಿಸುತ್ತಾರೆ. ಹಾಗಿದ್ದ ಮೇಲೆ ನೂಲಿನಿಂದ ಹೂ ಮಾಡುವ ನಮ್ಮ ಕೆಲಸ ಯಾತಕ್ಕೆ? ಪ್ರಭು ಆ ಮಾತು ಹೇಳಿದ್ದು ನಾಳೆಯ ಚಿಂತೆಯಲ್ಲಿ ನಲುಗುವವರಿಗೆ. ಹಾಗೆ ನಲುಗುವ ಒಬ್ಬ ತಾಯಿಯ ಚಿಂತೆ ತುಸುವಾದರೂ ಕಡಿಮೆಯಾಗುವಂತೆ ಅವಳ ಹೂವಿಗೆ ನಾವು ನ್ಯಾಯವಾದ ಬೆಲೆ ಕೊಟ್ಟರೆ, ದೇವರು ತೊಡಿಸುವ ಉಡುಗೆಯಲ್ಲಿ ನಮ್ಮದೂ ಒಂದು ಎಳೆ ಸೇರಿದಂತೆ.

ಈ ಸೆಪ್ಟೆಂಬರ್ 8ರಂದು ತಾಯಿಯ ಜನನೋತ್ಸವಕ್ಕೆ ಮಲ್ಲಿಗೆಯೂ ಬರಲಿ, ಸೇವಂತಿಗೆಯೂ ಬರಲಿ. ಅವುಗಳ ಜೊತೆಗೆ ನಮ್ಮ ಮನೆಯ ಹುಡುಗಿಯೋ ಹುಡುಗನೋ ಅಜ್ಜಿಯ ಪಕ್ಕ ಕುಳಿತು ಹೆಣೆದ, ಒಂದು ದಳ ಸೊಟ್ಟಗಾದ, ಪುಟ್ಟ ಬಿಳಿ ಹೂವೂ ಇರಲಿ. ಬಡ ವಿಧವೆಯ ಎರಡು ಕಾಸುಗಳನ್ನು ಗುರುತಿಸಿದ ಪ್ರಭುವಿನ ತಾಯಿ ಅದನ್ನು ಗುರುತಿಸದೆ ಇರುತ್ತಾರೆಯೇ? ಕಾಣಿಕೆ ಮಾತೆ ನಮ್ಮ ಕೈಗಳನ್ನೂ, ನಮಗಾಗಿ ದುಡಿಯುವ ಕಾಣದ ಕೈಗಳನ್ನೂ ಹರಸಲಿ.